ಕಥೆಗೆ ಎಷ್ಟು, ಸಾಕ್ಷಿಗೆ ಎಷ್ಟು?

ಅಂಗಡಿಯಲ್ಲಿ ಸುಮಾರು 17 ಡಾಲರ್ ಕೊಟ್ಟರೆ ಸಿಗುತ್ತಿದ್ದ ಒಂದು ರಿವಾಲ್ವರ್. ನೂರನಲವತ್ತು ವರ್ಷ ಕಳೆದ ಮೇಲೆ ಅದರ ಬೆಲೆ 60 ಲಕ್ಷ ಡಾಲರ್! ನಮ್ಮ ದುಡ್ಡಲ್ಲಿ ಹೇಳಬೇಕು ಅಂದ್ರೆ, ಆಗಿನ ಲೆಕ್ಕಕ್ಕೆ ಸುಮಾರು 44 ಕೋಟಿ ರೂಪಾಯಿ. 2021ರ ಆಗಸ್ಟ್ 27ರಂದು ಲಾಸ್ ಏಂಜಲೀಸ್‌ನಲ್ಲಿ ಬೋನಮ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಆ ಕೋಲ್ಟ್ ರಿವಾಲ್ವರ್ ಮಾರಾಟವಾಯಿತು. ಸಂಸ್ಥೆಯವರೇ ಅಂದಾಜು ಮಾಡಿದ್ದು 20ರಿಂದ 30 ಲಕ್ಷ ಡಾಲರ್. ಹೋಗಿದ್ದು ಅದರ ಎರಡು ಪಟ್ಟಿಗೆ.

ಅದರಲ್ಲಿ ಚಿನ್ನ ಇತ್ತಾ? ಇಲ್ಲ. ವಜ್ರ ಇತ್ತಾ? ಇಲ್ಲ. ಅದೇ ಮಾದರಿಯ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್‌ಗಳನ್ನು ಕೋಲ್ಟ್ ಕಂಪನಿ 1873ರಿಂದ 1940ರವರೆಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಮಾಡಿತ್ತು. ಹಾಗಾದ್ರೆ ಈ ಒಂದಕ್ಕೆ ಮಾತ್ರ ಯಾಕೆ ಇಷ್ಟು ಬೆಲೆ? 1881ರ ಜುಲೈ 14ರ ರಾತ್ರಿ, ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ಇದೇ ರಿವಾಲ್ವರ್‌ನಿಂದ 'ಬಿಲ್ಲಿ ದಿ ಕಿಡ್' ಅನ್ನೋ ಕುಖ್ಯಾತ ಯುವಕನನ್ನು ಗುಂಡಿಟ್ಟು ಕೊಂದ. ಬೆಲೆ ಬಂದಿದ್ದು ಕಬ್ಬಿಣಕ್ಕಲ್ಲ, ಆ ರಾತ್ರಿಗೆ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಚೆಂದದ ಟಿವಿ ಸ್ಟೋರಿ. ಆದರೆ ನಾನು ಓದಿದ್ದು ಎಂಜಿನಿಯರಿಂಗ್. ಅಳತೆ ಇಲ್ಲದ ಮಾತು ಕೇಳಿದರೆ ಮನಸ್ಸು ಒಪ್ಪಲ್ಲ. ಹಳೇ ರಿವಾಲ್ವರ್‌ಗೆ ನ್ಯಾಯವಾದ ಬೆಲೆ ಎಷ್ಟು ಅಂತ ಜನ ತೀರ್ಮಾನ ಮಾಡೋದಾದರೂ ಹೇಗೆ? ಅದಕ್ಕೊಂದು ಲೆಕ್ಕ ಇದೆಯಾ? ಇದೆ. ಆ ಲೆಕ್ಕ ಇತಿಹಾಸದ ಬಗ್ಗೆ ನಮಗೆ ಒಂದು ದೊಡ್ಡ ಪಾಠ ಹೇಳುತ್ತೆ.

ಮೊದಲನೆಯದು, ಸ್ಥಿತಿ. ಅಮೆರಿಕದ ಸಂಗ್ರಾಹಕರು ಹಳೇ ರಿವಾಲ್ವರ್ ಕೈಗೆ ತಗೊಂಡ ಕೂಡಲೇ ನೋಡೋದು ಅದು ಹೊಳೆಯುತ್ತಾ ಅಂತ ಅಲ್ಲ. ಕಾರ್ಖಾನೆಯಲ್ಲಿ ಉಕ್ಕಿಗೆ ಕೊಟ್ಟ ಮೂಲ ನೀಲಿ-ಕಪ್ಪು ಬಣ್ಣ ಎಷ್ಟು ಪರ್ಸೆಂಟ್ ಉಳಿದಿದೆ ಅಂತ. ತೊಂಬತ್ತು ಪರ್ಸೆಂಟ್ ಉಳಿದ ಗನ್‌ಗೂ ಮೂವತ್ತು ಪರ್ಸೆಂಟ್ ಉಳಿದ ಗನ್‌ಗೂ ಬೆಲೆಯಲ್ಲಿ ಅಜಗಜಾಂತರ. ಆಮೇಲೆ ಯಂತ್ರದ ಪರೀಕ್ಷೆ. ಹ್ಯಾಮರ್ ಎಳೆದಾಗ ಗುಂಡು ತುಂಬುವ ಸಿಲಿಂಡರ್ ಸರಿಯಾದ ಜಾಗಕ್ಕೆ ಬಂದು ಗಟ್ಟಿಯಾಗಿ ನಿಲ್ಲುತ್ತಾ, ಅಲ್ಲಾಡುತ್ತಾ? ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದು ಎಷ್ಟು? ನಳಿಗೆಯ ಒಳಗೆ ತುಕ್ಕು ತಿಂದ ಗುಳಿಗಳಿವೆಯಾ? ಇದನ್ನೆಲ್ಲ ಯಾವ ಮೆಕ್ಯಾನಿಕಲ್ ಎಂಜಿನಿಯರ್ ಬೇಕಾದರೂ ಮಾಡಬಹುದು.

ಎರಡನೆಯದು, ಅಸಲಿತನ. ಮಜಾ ಇರೋದು ಇಲ್ಲಿ. ಅಜ್ಜನ ಕಾಲದ ರಿವಾಲ್ವರ್ ಮಂಕಾಗಿದೆ ಅಂತ ಮೊಮ್ಮಗ ಪ್ರೀತಿಯಿಂದ ಪಾಲಿಶ್ ಮಾಡಿಸಿ, ಹೊಸದಾಗಿ ಬಣ್ಣ ಹಾಕಿಸುತ್ತಾನೆ. ಥಳಥಳ ಅಂತ ಹೊಳೆಯುತ್ತೆ. ಬೆಲೆ? ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ! ಯಾಕಂದ್ರೆ ಪಾಲಿಶ್ ಚಕ್ರಕ್ಕೆ ಹಿಡಿದಾಗ ಚೂಪಾದ ಅಂಚುಗಳು ದುಂಡಗಾಗುತ್ತವೆ, ಸ್ಕ್ರೂ ತೂತಿನ ಬಾಯಿ ತಟ್ಟೆಯ ಹಾಗೆ ಅಗಲವಾಗುತ್ತೆ, ಕಂಪನಿಯ ಅಕ್ಷರಗಳು ಅಳಿಸುತ್ತವೆ. ಅನುಭವಿಗಳು ಒಂದೇ ನೋಟದಲ್ಲಿ ಹಿಡಿಯುತ್ತಾರೆ. ಮಂಕಾಗಿದ್ದ ಆ ಬಣ್ಣವೇ ಸಾಕ್ಷಿಯಾಗಿತ್ತು. ಮೊಮ್ಮಗ ದುಡ್ಡು ಕೊಟ್ಟು ಅದನ್ನು ಒರೆಸಿಹಾಕಿದ.

ಇದೇ ಕಥೆ ದೊಡ್ಡ ಮಟ್ಟದಲ್ಲಿ ವೆಬ್ಲಿ ರಿವಾಲ್ವರ್‌ಗಳಿಗೂ ಆಯಿತು. ಹಳೇ ಸಿನಿಮಾಗಳಲ್ಲಿ ಬ್ರಿಟಿಷ್ ಅಧಿಕಾರಿಯ ಸೊಂಟದಲ್ಲಿ ನೋಡಿರ್ತೀರಲ್ಲ, ಅದೇ. 1915ರಲ್ಲಿ ಬ್ರಿಟಿಷ್ ಸೇನೆ ಸೇರಿದ ವೆಬ್ಲಿ ಮಾರ್ಕ್ 6, ಎರಡನೇ ಮಹಾಯುದ್ಧದ ನಂತರ ಅಗ್ಗದ ಸರಕಾಗಿ ಅಮೆರಿಕಕ್ಕೆ ಹೋಯಿತು. ಅದಕ್ಕೆ ಬೇಕಾದ .455 ಗುಂಡು ಅಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಅದಕ್ಕೇ ವ್ಯಾಪಾರಿಗಳು ಸಿಲಿಂಡರ್‌ನ ಹಿಂಭಾಗವನ್ನು ಸ್ವಲ್ಪ ಸವೆಸಿ, ಅಮೆರಿಕದ .45 ಗುಂಡು ಕೂರುವ ಹಾಗೆ ಮಾಡಿ ಮಾರಿದರು. ಆ ಕಾಲಕ್ಕೆ ಅದು ಅನುಕೂಲ. ಇವತ್ತು? ಸವೆಸದ ಸಿಲಿಂಡರ್ ಇರುವ ವೆಬ್ಲಿಗೆ ಸಂಗ್ರಾಹಕರು ಹೆಚ್ಚು ದುಡ್ಡು ಕೊಡುತ್ತಾರೆ, ಸವೆಸಿದ್ದಕ್ಕೆ ಕಡಿಮೆ. ಕೆಲವೇ ಎಳೆಯಷ್ಟು ಉಕ್ಕು. ಹೋದರೆ ವಾಪಸ್ ಬರಲ್ಲ.

ಮೂರನೆಯದು, ಅಪರೂಪ. 1847ರ ವಾಕರ್ ಕೋಲ್ಟ್ ತಯಾರಾಗಿದ್ದೇ ಸುಮಾರು 1,100. ಎರಡು ಕೆಜಿಗೂ ಹೆಚ್ಚು ತೂಕ. ಮೆಕ್ಸಿಕೋ ಯುದ್ಧದಲ್ಲಿ ಬಳಸುವಾಗಲೇ ಎಷ್ಟೋ ಸಿಡಿದುಹೋದವು. ಹಾಗಾಗಿ ಉಳಿದವಕ್ಕೆ ಚಿನ್ನದ ಬೆಲೆ. ಮೂಲ ಪೆಟ್ಟಿಗೆಯ ಸಮೇತ ಉಳಿದ ಒಂದು ವಾಕರ್ 2018ರಲ್ಲಿ 18 ಲಕ್ಷ 40 ಸಾವಿರ ಡಾಲರ್‌ಗೆ ಹರಾಜಾಯಿತು. ಕಾನೂನು ಕೂಡ ಬೆಲೆ ಕಟ್ಟುತ್ತೆ. ಅಮೆರಿಕದ 1968ರ ಕಾಯ್ದೆಯಲ್ಲಿ, 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ ವಸ್ತು. ಅದನ್ನು ಕೊಳ್ಳೋದು, ಮಾರೋದು ಸುಲಭ. ಹಾಗಾಗಿ ಒಂದೇ ಮಾದರಿಯ ಎರಡು ರಿವಾಲ್ವರ್‌ನಲ್ಲಿ ಒಂದು ಈ ಗೆರೆಯ ಆಚೆ, ಇನ್ನೊಂದು ಈಚೆ ಇದ್ದರೆ ಬೆಲೆಯೂ ಬೇರೆ.

ನಮ್ಮ ದೇಶದಲ್ಲಿ ಈ ಲೆಕ್ಕ ತಲೆಕೆಳಗು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. 1980ರ ದಶಕದಿಂದ ಸಾಮಾನ್ಯ ಜನ ವಿದೇಶಿ ಗನ್ ತರಿಸಿಕೊಳ್ಳೋದೂ ಹೆಚ್ಚುಕಡಿಮೆ ನಿಂತುಹೋಯಿತು. ಹಾಗಾಗಿ ಅಮೆರಿಕದಲ್ಲಿ ಮಾಮೂಲಿ ಅನ್ನಿಸುವ ಹಳೇ ವೆಬ್ಲಿಗೆ ಇಲ್ಲಿ ಲಕ್ಷಗಟ್ಟಲೆ ಹೇಳುತ್ತಾರೆ. ಅದು ಇತಿಹಾಸದ ಬೆಲೆ ಅಲ್ಲ, ಬಾಗಿಲು ಮುಚ್ಚಿದ್ದರ ಬೆಲೆ.

ಇನ್ನೊಂದು ಮಾತು. ಹೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ವೈಲ್ಡ್ ಬಿಲ್ ಹಿಕಾಕ್ ಗುಂಡೇಟಿಗೆ ಬಲಿಯಾದಾಗ ಅವನ ಹತ್ತಿರ ಇತ್ತು ಅಂತ ಹೇಳಲಾದ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ 2013ರಲ್ಲಿ ಹರಾಜಿಗೆ ಬಂತು. ಬಿಡ್ 2,20,000 ಡಾಲರ್‌ವರೆಗೆ ಹೋಗಿ ನಿಂತಿತು. ಮಾಲೀಕರ ಕನಿಷ್ಠ ಬೆಲೆ ಮುಟ್ಟಲಿಲ್ಲ, ಮಾರಾಟ ಆಗಲೇ ಇಲ್ಲ. ಸೈಟಿಗೆ ಕೋಟಿ ಹೇಳೋರು ನಮ್ಮೂರಲ್ಲೂ ಇದ್ದಾರೆ. ರಿಜಿಸ್ಟರ್ ಆದಾಗಲೇ ಗೊತ್ತಾಗೋದು ನಿಜವಾದ ರೇಟು!

ಈಗ ನಾಲ್ಕನೆಯದಕ್ಕೆ ಬರೋಣ. ಕಥೆ. ಆ ಕಥೆಗೆ ಎಷ್ಟು ಕೊಡಬೇಕು? ಇದಕ್ಕೆ ಇತಿಹಾಸವೇ ಒಂದು ಪ್ರಯೋಗ ಮಾಡಿಟ್ಟಿದೆ. ಎರಡು ಗನ್ ತಗೊಳ್ಳಿ. ಎರಡೂ ಲಫೋಶೋ ಮಾದರಿ, ಎರಡೂ 7 ಮಿಲಿಮೀಟರ್, ಎರಡೂ ಹತ್ತೊಂಬತ್ತನೇ ಶತಮಾನದವು. ಹೆಸರಿಲ್ಲದ ಇಂಥ ರಿವಾಲ್ವರ್ ಯುರೋಪಿನಲ್ಲಿ ಕೆಲವು ನೂರು ಯೂರೋಗೆ ಸಿಗುತ್ತೆ.

ಮೊದಲನೆಯದು ಫ್ರೆಂಚ್ ಕವಿ ಪಾಲ್ ವರ್ಲೇನ್‌ನದು. 1873ರ ಜುಲೈ 10ರ ಬೆಳಿಗ್ಗೆ ಬ್ರಸೆಲ್ಸ್‌ನಲ್ಲಿ 23 ಫ್ರಾಂಕ್ ಕೊಟ್ಟು ಕೊಂಡ. ಅವತ್ತೇ ಮಧ್ಯಾಹ್ನ ತನ್ನ ಪ್ರೇಮಿ, ಯುವ ಕವಿ ಆರ್ಥರ್ ರಾಂಬೋ ಮೇಲೆ ಎರಡು ಸಲ ಗುಂಡು ಹಾರಿಸಿದ. ಒಂದು ಮಣಿಕಟ್ಟಿಗೆ ತಗುಲಿತು. ಪೊಲೀಸ್ ಕೇಸ್ ಆಯಿತು, ಗನ್ ವಶವಾಯಿತು, ವರ್ಲೇನ್‌ಗೆ ಎರಡು ವರ್ಷ ಜೈಲು. ಅಂದ್ರೆ ಅಂಗಡಿ, ಪೊಲೀಸ್, ನ್ಯಾಯಾಲಯ, ಎಲ್ಲ ಕಡೆ ದಾಖಲೆ. 2016ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಕ್ರಿಸ್ಟೀಸ್‌ನಲ್ಲಿ ಅದು 4,34,500 ಯೂರೋಗೆ ಹೋಯಿತು, ಅಂದಾಜಿನ ಏಳು ಪಟ್ಟಿಗೆ.

ಎರಡನೆಯದು ವಿನ್ಸೆಂಟ್ ವ್ಯಾನ್ ಗೋ ತನಗೆ ತಾನೇ ಗುಂಡು ಹಾರಿಸಿಕೊಂಡದ್ದು ಅಂತ ನಂಬಲಾದ ರಿವಾಲ್ವರ್. ಅವನು ಗುಂಡೇಟು ತಿಂದದ್ದು 1890ರ ಜುಲೈ 27, ಪ್ಯಾರಿಸ್ ಹತ್ತಿರದ ಓವೆರ್-ಸುರ್-ವಾಜ್ ಹಳ್ಳಿಯಲ್ಲಿ. ಎರಡು ದಿನಕ್ಕೆ ತೀರಿಕೊಂಡ. 1960ರ ದಶಕದಲ್ಲಿ ಅಲ್ಲಿನ ಹೊಲದಲ್ಲಿ ರೈತನೊಬ್ಬನಿಗೆ ತುಕ್ಕು ಹಿಡಿದ ಗನ್ ಸಿಕ್ಕಿತು. ಊರು ಹೊಂದುತ್ತೆ, ಗುಂಡಿನ ಅಳತೆ ಹೊಂದುತ್ತೆ, ಮಣ್ಣಲ್ಲಿದ್ದ ಕಾಲವೂ ಹೊಂದುತ್ತೆ. ಆದರೆ ಇದೇ ಅದು ಅಂತ ಎದೆ ತಟ್ಟಿ ಹೇಳೋ ಕಾಗದ ಒಂದೂ ಇಲ್ಲ. 2019ರ ಜೂನ್‌ನಲ್ಲಿ ಅದು ಹೋಗಿದ್ದು 1,62,500 ಯೂರೋಗೆ.

ಈಗ ನೀವೇ ಹೇಳಿ. ವರ್ಲೇನ್ ಯಾರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ವ್ಯಾನ್ ಗೋ ಯಾರು ಅಂತ ಶಾಲೆ ಮಕ್ಕಳೂ ಹೇಳುತ್ತಾರೆ. ಒಂದರಲ್ಲಿ ಗಾಯ, ಇನ್ನೊಂದರಲ್ಲಿ ಸಾವು. ಕಥೆಯ ತೂಕಕ್ಕೇ ಬೆಲೆ ಕಟ್ಟೋದಾದರೆ ವ್ಯಾನ್ ಗೋ ಗನ್ ಮೇಲಿರಬೇಕಿತ್ತು. ಆದರೆ ವರ್ಲೇನ್ ಗನ್‌ಗೆ ಎರಡೂವರೆ ಪಟ್ಟಿಗೂ ಹೆಚ್ಚು ಸಿಕ್ಕಿತು. ಒಂದು ಸುಸ್ಥಿತಿಯಲ್ಲಿತ್ತು, ಇನ್ನೊಂದು ತುಕ್ಕಿನ ಮುದ್ದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳೋಣ. ಆದರೂ ದೊಡ್ಡ ವ್ಯತ್ಯಾಸ ಒಂದೇ. ಅಲ್ಲಿ 'ಹೌದು' ಇತ್ತು, ಇಲ್ಲಿ 'ಇರಬಹುದು' ಇತ್ತು.

ಗ್ಯಾರೆಟ್‌ನ ಕೋಲ್ಟ್‌ಗೆ ವಾಪಸ್ ಹೋಗೋಣ. ಅದರ ಮೇಲಿನ ನಂಬರ್ 55093. ಆ ಗನ್ ತನ್ನ ಕೈಗೆ ಹೇಗೆ ಬಂತು ಅಂತ ಗ್ಯಾರೆಟ್ ತಾನೇ ಬರೆದುಕೊಟ್ಟಿದ್ದ. ಅದು ಎಲ್ ಪಾಸೋದ ಒಂದು ಬಾರ್‌ನಲ್ಲಿ ಪ್ರದರ್ಶನಕ್ಕೆ ಇತ್ತು. 1908ರಲ್ಲಿ ಗ್ಯಾರೆಟ್ ತಾನೇ ಗುಂಡಿಗೆ ಬಲಿಯಾದ. ಬಾರ್ ಮಾಲೀಕ ತೀರಿಕೊಂಡ ಮೇಲೆ ಗ್ಯಾರೆಟ್‌ನ ಹೆಂಡತಿ ಅಪೊಲಿನಾರಿಯಾ, ಅದು ನನ್ನ ಗಂಡನದು, ವಾಪಸ್ ಕೊಡಿ ಅಂತ ಕೋರ್ಟ್ ಮೆಟ್ಟಿಲು ಹತ್ತಿದರು. 1930ರ ದಶಕದಲ್ಲಿ ಗೆದ್ದರು. ಆ ವಯಸ್ಸಾದ ವಿಧವೆ ಕೇಸ್ ಹಾಕಿದ್ದು ಹರಾಜಿಗೋಸ್ಕರ ಅಲ್ಲ. ಆದರೆ ಆ ಕೇಸ್‌ನ ದಾಖಲೆಯೇ ಆ ಗನ್‌ನ ಜಾತಕವನ್ನು ಭದ್ರ ಮಾಡಿತು. ಲಾಸ್ ಏಂಜಲೀಸ್‌ನಲ್ಲಿ ಸುತ್ತಿಗೆ ಬಿದ್ದಾಗ ಅರ್ಧ ಬೆಲೆ ಗ್ಯಾರೆಟ್‌ನ ಗುಂಡಿಗಾದರೆ, ಇನ್ನರ್ಧ ಈ ಹೆಂಗಸಿನ ಹಟಕ್ಕೆ ಅಂತ ನನಗನ್ನಿಸುತ್ತೆ.

ಅದಕ್ಕೇ ಸಂಗ್ರಾಹಕರಲ್ಲಿ ಒಂದು ಮಾತಿದೆ: ಗನ್ ಕೊಳ್ಳಿ, ಕಥೆ ಕೊಳ್ಳಬೇಡಿ. ಕೋಲ್ಟ್, ಸ್ಮಿತ್ ಅಂಡ್ ವೆಸನ್ ಹೆಸರಿನ ದಾಖಲೆ ವಿಭಾಗಗಳಿಗೆ ಶುಲ್ಕ ಕಟ್ಟಿ ನಂಬರ್ ಕಳಿಸಿದರೆ, ಆ ಗನ್ ಯಾವ ದಿನ, ಯಾವ ಅಂಗಡಿಗೆ, ಎಷ್ಟು ಉದ್ದದ ನಳಿಗೆಯೊಂದಿಗೆ ಹೋಯಿತು ಅಂತ ಹಳೇ ಲೆಡ್ಜರ್ ನೋಡಿ ಪತ್ರ ಕೊಡುತ್ತಾರೆ. ಲೆಡ್ಜರ್‌ನಲ್ಲಿ ಏಳೂವರೆ ಇಂಚು ಅಂತ ಇದ್ದು ಕೈಯಲ್ಲಿರೋದು ಐದೂವರೆ ಇಂಚಾದರೆ, ನಡುವೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಅರ್ಥ. ಹಾಗಂತ ಆ ಪತ್ರವೇ ಕೊನೆ ಮಾತಲ್ಲ. ಗನ್ ಹೊರಟ ದಿನ ಹೇಗಿತ್ತು ಅಂತ ಅದು ಹೇಳುತ್ತೆ. ಆಮೇಲೆ ಯಾರ ಕೈಯಲ್ಲಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕು.

ಇಲ್ಲಿ ಮನಸ್ಸಿಗೆ ಮುಳ್ಳಾಗುವ ಒಂದು ಪ್ರಶ್ನೆಯೂ ಇದೆ. ಯಾರ ಪ್ರಾಣವನ್ನೂ ತೆಗೆಯದ ಗನ್‌ಗೆ ಕಡಿಮೆ, ತೆಗೆದ ಗನ್‌ಗೆ ಕೋಟಿ ಕೋಟಿ. ಇದು ನ್ಯಾಯವಾ? ಮಾರುಕಟ್ಟೆ ಆ ಪ್ರಶ್ನೆ ಕೇಳಲ್ಲ. ಅದು ಕೇಳೋದು ಒಂದೇ, ಪ್ರೂಫ್ ಇದೆಯಾ ಅಂತ. ಕನಿಷ್ಠ ಆ ಒಂದು ವಿಷಯದಲ್ಲಿ ಹರಾಜಿನ ಕಟ್ಟೆ ನಮ್ಮ ಸೋಷಿಯಲ್ ಮೀಡಿಯಾಕ್ಕಿಂತ, ಕೆಲವು ಸಲ ನಮ್ಮ ನ್ಯೂಸ್ ರೂಮಿಗಿಂತಲೂ ಮೇಲು. ಇತಿಹಾಸದ ಹೆಸರಲ್ಲಿ ಯಾರೋ ಏನೋ ಹೇಳುತ್ತಾರೆ, ನಾವು ಫಾರ್ವರ್ಡ್ ಮಾಡುತ್ತೇವೆ. ಯಾಕಂದ್ರೆ ಅದಕ್ಕೆ ನಮ್ಮ ಜೇಬಿನಿಂದ ದುಡ್ಡು ಹೋಗಲ್ಲ. ಕೈಯಿಂದ ನಾಲ್ಕು ಕೋಟಿ ಹೋಗುತ್ತೆ ಅಂದಾಗ ಮನುಷ್ಯ ಕೇಳುವ ಪ್ರಶ್ನೆಗಳಿವೆಯಲ್ಲ, ಅವನ್ನು ನಾವು ಪುಕ್ಕಟೆ ಸಿಗುವ ಇತಿಹಾಸಕ್ಕೂ ಕೇಳಬೇಕು. ಯಾರು ಹೇಳಿದ್ದು? ಯಾವಾಗ ಬರೆದಿದ್ದು? ಮೂಲ ಎಲ್ಲಿದೆ? ನಡುವೆ ಯಾರು ಪಾಲಿಶ್ ಹಾಕಿದರು?

ನಿಮ್ಮ ಮನೆಯಲ್ಲಿ ರಿವಾಲ್ವರ್ ಇರಲಿಕ್ಕಿಲ್ಲ, ಬೇಡವೂ ಬೇಡ. ಆದರೆ ತಾತನ ಕೈಗಡಿಯಾರ ಇರಬಹುದು, ಅಜ್ಜಿಯ ಹಿತ್ತಾಳೆ ಡಬ್ಬಿ ಇರಬಹುದು, ಅಟ್ಟದ ಮೇಲೆ ಒಂದು ಕಟ್ಟು ಹಳೇ ಕಾಗದ ಇರಬಹುದು. ಹೊಳೆಯಲಿ ಅಂತ ಉಜ್ಜೋಕೆ ಹೋಗಬೇಡಿ. ಗೊತ್ತಿರೋರು ಬದುಕಿರುವಾಗಲೇ ಕೂರಿಸಿಕೊಂಡು, ಅದು ಯಾರದು, ಎಲ್ಲಿಂದ ಬಂತು, ಯಾವ ವರ್ಷ ಅಂತ ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಅವರ ಸಹಿ ತಗೊಂಡು ಜೊತೆಗಿಡಿ. ಅದರಿಂದ ಕೋಟಿ ಬರಲ್ಲ. ಆದರೆ ನಾಳೆ ನಿಮ್ಮ ಮೊಮ್ಮಕ್ಕಳು ಅದನ್ನು ಕೈಗೆ ತಗೊಂಡಾಗ 'ಇರಬಹುದು' ಅನ್ನಲ್ಲ, 'ಹೌದು' ಅನ್ನುತ್ತಾರೆ.