ನೀರು ಎಚ್2ಓ ಎಂದು ಒಪ್ಪಲು ಐವತ್ತು ವರ್ಷ ಹಿಡಿಯಿತು

ನೀರು ಅಂದರೆ ಎಚ್2ಓ. ಹೈಸ್ಕೂಲಿನ ಯಾವ ಹುಡುಗನನ್ನು ನಿಲ್ಲಿಸಿ ಕೇಳಿದರೂ ಹೇಳುತ್ತಾನೆ. ಆದರೆ 1850ರ ದಶಕದಲ್ಲಿ ಯುರೋಪಿನ ಪ್ರೊಫೆಸರುಗಳನ್ನು ಕೇಳಿದ್ದರೆ ಕೆಲವರು ಎಚ್‌ಓ ಎನ್ನುತ್ತಿದ್ದರು, ಕೆಲವರು ಎಚ್2ಓ ಎನ್ನುತ್ತಿದ್ದರು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಒಂದಕ್ಕೇ ಆಗ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಜರ್ಮನಿಯ ಕೆಕುಲೆ ತಮ್ಮ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದ್ದಾರೆ.

ಇದನ್ನು ನಾವು ಬರೆಯಲು ಕಾರಣವಿದೆ. ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಮೊದಲ ಪಾಠವೇ ಮೂಲ ಪರಿಕಲ್ಪನೆಗಳದ್ದು: ಪರಮಾಣು, ಅಣು, ಪರಮಾಣು ತೂಕ, ಮೋಲ್. ಕನ್ನಡ ಮಾಧ್ಯಮದಿಂದ ಹೋದ ಎಷ್ಟೋ ಮಕ್ಕಳು ಇಲ್ಲೇ ಎಡವಿ, ಸೈನ್ಸ್ ನಮ್ಮ ತಲೆಗೆ ಹತ್ತುವುದಲ್ಲ ಎಂದುಕೊಳ್ಳುತ್ತಾರೆ. ಅದೇ ಜಾಗದಲ್ಲಿ ಹಿಂದೆ ಯಾರು ಯಾರು ಎಡವಿದ್ದರು ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಶುರುವಾಗಿದ್ದು ಇಂಗ್ಲೆಂಡಿನ ಜಾನ್ ಡಾಲ್ಟನ್ ಅವರಿಂದ. ನೇಕಾರರ ಮಗ, ಹನ್ನೆರಡನೇ ವಯಸ್ಸಿಗೇ ಹಳ್ಳಿಶಾಲೆಯಲ್ಲಿ ಪಾಠ ಹೇಳಲು ನಿಂತವರು. ಪ್ರತಿ ಧಾತುವಿಗೂ ಅದರದೇ ತೂಕದ ಪರಮಾಣು ಇದೆ, ಅದನ್ನು ಒಡೆಯಲಾಗದು ಎಂದು 1808ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆದರೆ ಆ ತೂಕ ಎಷ್ಟು? ನೀರಿನಲ್ಲಿ 1 ಪಾಲು ಜಲಜನಕಕ್ಕೆ 8 ಪಾಲು ಆಮ್ಲಜನಕ ಇರುವುದು ತಕ್ಕಡಿಯಲ್ಲಿ ಸಿಗುತ್ತದೆ. ಅದಕ್ಕಿಂತ ಮುಂದೆ ತಕ್ಕಡಿಗೆ ಗೊತ್ತಿಲ್ಲ.

ಹೀಗೆ ನೋಡಿ. ಒಂದು ಮೂಟೆಯಲ್ಲಿ 1 ಕಿಲೋ ನಿಂಬೆಹಣ್ಣು, 8 ಕಿಲೋ ತೆಂಗಿನಕಾಯಿ ಇದೆ. ಬಾಯಿ ಬಿಚ್ಚುವಂತಿಲ್ಲ. ಒಂದು ಕಾಯಿ ಒಂದು ನಿಂಬೆಗಿಂತ ಎಷ್ಟು ಪಟ್ಟು ಭಾರ? ಒಂದು ನಿಂಬೆಗೆ ಒಂದು ಕಾಯಿ ಇದ್ದರೆ 8 ಪಟ್ಟು. ಎರಡು ನಿಂಬೆಗೆ ಒಂದು ಕಾಯಿ ಇದ್ದರೆ 16 ಪಟ್ಟು. ಎಣಿಕೆ ಗೊತ್ತಿಲ್ಲದೆ ತೂಕ ಸಿಗದು, ತೂಕ ಗೊತ್ತಿಲ್ಲದೆ ಎಣಿಕೆ ಸಿಗದು. ಡಾಲ್ಟನ್ ಸರಳವಾಗಿರಲಿ ಎಂದು ಒಂದಕ್ಕೊಂದು ಹಿಡಿದರು. ನೀರು ಎಚ್‌ಓ ಆಯಿತು.

ಎಣಿಕೆಯ ಸುಳಿವು ಕೊಟ್ಟಿದ್ದು ಫ್ರಾನ್ಸಿನ ಗೇ-ಲುಸಾಕ್, ಅದೂ 1808ರಲ್ಲೇ. ಎರಡು ಕೊಡ ಜಲಜನಕ, ಒಂದು ಕೊಡ ಆಮ್ಲಜನಕ ಸೇರಿದರೆ ಎರಡು ಕೊಡ ಹಬೆ ಬರುತ್ತದೆ. ಕೊಡ ನಮ್ಮ ಮಾತು, ಅಳತೆ ಅವರದು. ಒಂದೊಂದು ಕೊಡದಲ್ಲೂ ನೂರು ಕಣ ಅಂದುಕೊಳ್ಳಿ. ಆಮ್ಲಜನಕದ ನೂರು ಕಣ ಹಬೆಯ ಇನ್ನೂರು ಕಣಕ್ಕೆ ಹಂಚಿಕೆಯಾಗಬೇಕು, ತಲೆಗೆ ಅರ್ಧರ್ಧ. ಪರಮಾಣು ಅರ್ಧ ಆಗುವುದೆಂದರೇನು? ಡಾಲ್ಟನ್ ಸುತರಾಂ ಒಪ್ಪಲಿಲ್ಲ.

1811ರಲ್ಲಿ ಇಟಲಿಯ ಅವೊಗ್ಯಾಡ್ರೊ ಈ ಗಂಟು ಬಿಚ್ಚಿದರು. ಓದಿದ್ದು ಕಾನೂನು, ಆಮೇಲೆ ವಿಜ್ಞಾನದ ಕಡೆ ಹೊರಳಿದವರು. ಒಂದೇ ಶಾಖ, ಒಂದೇ ಒತ್ತಡದಲ್ಲಿ ಯಾವ ಅನಿಲವಾದರೂ ಸಮ ಅಳತೆಯಲ್ಲಿ ಸಮ ಸಂಖ್ಯೆಯ ಕಣ ಇರುತ್ತವೆ ಎಂದರು. ಆಮ್ಲಜನಕದ ಆ ಕಣ ಒಂಟಿ ಪರಮಾಣು ಅಲ್ಲ, ಜೋಡಿ. ಅರ್ಧ ಆಗುವುದು ಜೋಡಿಯೇ ಹೊರತು ಪರಮಾಣು ಅಲ್ಲ. ನಮ್ಮ ಪುಸ್ತಕಗಳಲ್ಲಿ ಅಣು ಬೇರೆ, ಪರಮಾಣು ಬೇರೆ ಎಂದು ಒಂದು ಸಾಲಿನಲ್ಲಿ ಮುಗಿಸುವುದು ಇದನ್ನೇ.

ಯಾರೂ ಹೆಚ್ಚು ಕಿವಿಗೊಡಲಿಲ್ಲ. ಒಂದೇ ಜಾತಿಯ ಪರಮಾಣುಗಳಿಗೆ ಒಂದೇ ವಿದ್ಯುತ್ ಗುಣ, ಅವು ಒಂದನ್ನೊಂದು ತಳ್ಳುತ್ತವೆ, ಜೋಡಿ ಹೇಗಾಗುತ್ತವೆ ಎಂಬುದು ಸ್ವೀಡನ್ನಿನ ಬರ್ಜೀಲಿಯಸ್ ಅವರ ನಿಲುವು. ಆಗ ಅವರ ಮಾತೇ ನಡೆಯುತ್ತಿತ್ತು. ಅವೊಗ್ಯಾಡ್ರೊ 1856ರಲ್ಲಿ ತೀರಿಕೊಂಡರು. ತಮ್ಮ ಮಾತು ಗೆದ್ದದ್ದನ್ನು ನೋಡಲಿಲ್ಲ.

1860ರ ಸೆಪ್ಟೆಂಬರ್ 3ರಿಂದ ಮೂರು ದಿನ ಜರ್ಮನಿಯ ಕಾರ್ಲ್ಸ್‌ರೂ ಪಟ್ಟಣದ ಶಾಸನಸಭೆಯ ಹಾಲ್‌ನಲ್ಲಿ ಸುಮಾರು 140 ರಸಾಯನಶಾಸ್ತ್ರಜ್ಞರು ಸೇರಿದರು. ಸೂತ್ರಗಳ ಗೊಂದಲ ತೀರಿಸಬೇಕು ಎಂಬ ಯೋಚನೆ ಕೆಕುಲೆ ಅವರದು. ಅಲ್ಲಿ ಎದ್ದು ನಿಂತು ಅವೊಗ್ಯಾಡ್ರೊ ಪರ ವಾದಿಸಿದವರು ಸ್ಟಾನಿಸ್ಲಾವೊ ಕ್ಯಾನಿಜಾರೊ. ಸಿಸಿಲಿಯವರು, 1848ರ ದಂಗೆಯಲ್ಲಿ ಸೇರಿ ದೇಶ ಬಿಟ್ಟು ಹೋಗಬೇಕಾಗಿ ಬಂದವರು. ಆಗ ಜಿನೋವಾದಲ್ಲಿ ಮೇಷ್ಟ್ರು.

ಅವರ ದಾರಿ ಪಿಯುಸಿ ಹುಡುಗರಿಗೂ ಎಟಕುತ್ತದೆ. ಜಲಜನಕದ ಅಣುವಿನ ತೂಕ 2 ಎಂದು ಹಿಡಿಯಿರಿ. ಸಮ ಅಳತೆಯ ಬೇರೆ ಅನಿಲಗಳನ್ನು ತೂಗಿ. ನೀರಿನ ಹಬೆ 18, ಅದರಲ್ಲಿ ಆಮ್ಲಜನಕ 16. ಕಾರ್ಬನ್ ಮೊನಾಕ್ಸೈಡ್ 28, ಅದರಲ್ಲೂ 16. ಕಾರ್ಬನ್ ಡೈ ಆಕ್ಸೈಡ್ 44, ಅದರಲ್ಲಿ 32. ಬರೀ ಆಮ್ಲಜನಕವೇ 32. ಎಲ್ಲೂ 8 ಇಲ್ಲ. ಹಾಗಾದರೆ ಪರಮಾಣುವಿನ ತೂಕ 16, ನೀರು ಎಚ್2ಓ. ಮೂಟೆಯ ಬಾಯಿ ಬಿಚ್ಚದೆಯೇ ಎಣಿಕೆ ಸಿಕ್ಕಿತು!

ಸಭೆಯೇನೂ ತೀರ್ಮಾನ ಮಾಡಲಿಲ್ಲ. ವಿಜ್ಞಾನವನ್ನು ಕೈ ಎತ್ತಿಸಿ ನಿರ್ಧರಿಸುವಂತಿಲ್ಲ ಎಂದು ಅವರವರ ಇಷ್ಟಕ್ಕೆ ಬಿಟ್ಟರು. ಹೊರಡುವ ಹೊತ್ತಿಗೆ ಕ್ಯಾನಿಜಾರೊ ಅವರ ಗೆಳೆಯ ಪಾವೆಸಿ ಒಂದು ಕಿರುಹೊತ್ತಗೆ ಹಂಚಿದರು. ಕ್ಯಾನಿಜಾರೊ ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಪಾಠದ ಸಾರಾಂಶ ಅದು, 1858ರದ್ದು. ಜರ್ಮನಿಯ ಲೋಥರ್ ಮೇಯರ್ ಅದನ್ನು ಓದಿ ಅನುಮಾನವೆಲ್ಲ ಕಳೆಯಿತು ಎಂದು ಆಮೇಲೆ ಬರೆದುಕೊಂಡರು. ಸಭೆಯಲ್ಲಿದ್ದ 26ರ ಹರೆಯದ ಮೆಂಡಲೀವ್ ಸರಿಯಾದ ತೂಕಗಳನ್ನು ಹಿಡಿದು ಊರಿಗೆ ಹೋದರು. 1869ರಲ್ಲಿ ಆವರ್ತಕ ಕೋಷ್ಟಕ ತಂದರು.

ಮನೆಯಲ್ಲಿ ಯೂರಿಯಾ ಚೀಲವಿದ್ದರೆ ನೋಡಿ, ಸಾರಜನಕ 46 ಶೇಕಡಾ ಎಂದಿರುತ್ತದೆ. ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲ 12, ಆಮ್ಲಜನಕ 16, ಎರಡು ಸಾರಜನಕ 28, ನಾಲ್ಕು ಜಲಜನಕ 4. ಒಟ್ಟು 60. ಅರವತ್ತರಲ್ಲಿ 28 ಎಂದರೆ 46ರ ಮೇಲೆ ಚೂರು. 45 ಕಿಲೋ ಚೀಲದಲ್ಲಿ ಗಿಡಕ್ಕೆ ಬೇಕಾದದ್ದು 21 ಕಿಲೋಗೂ ಸ್ವಲ್ಪ ಕಡಿಮೆ.

ಇನ್ನು ಮೋಲ್. ಬಾಳೆಹಣ್ಣಿಗೆ ಡಜನ್ ಇದ್ದಂತೆ ಅಣುಗಳಿಗೆ ಮೋಲ್, ಅಷ್ಟೇ. ನೀರಿನ ಅಣುವಿನ ತೂಕ 18, ಹಾಗಾಗಿ 18 ಗ್ರಾಂ ನೀರು, ಅಂದರೆ ಮೂರೂವರೆ ಟೀ ಚಮಚ, ಒಂದು ಮೋಲ್. ಅದರಲ್ಲಿರುವ ಅಣುಗಳ ಸಂಖ್ಯೆಗೆ ಅವೊಗ್ಯಾಡ್ರೊ ಹೆಸರಿಟ್ಟವರು ಫ್ರಾನ್ಸಿನ ಜಾನ್ ಪೆರಾಂ, 1909ರಲ್ಲಿ. ಪುಣ್ಯಾತ್ಮ ಅವೊಗ್ಯಾಡ್ರೊ ಆ ಸಂಖ್ಯೆಯನ್ನು ಯಾವತ್ತೂ ಎಣಿಸಿದವರಲ್ಲ. 2019ರ ಮೇ 20ರಿಂದ ಅದನ್ನು ಖಾಯಂ ಮಾಡಿದ್ದಾರೆ: 602214076 ಬರೆದು ಮುಂದೆ 15 ಸೊನ್ನೆ.