ತವರಿನ ಬಾಣಂತನ: ಹಾನಗಲ್ಲ ಸೀಮೆಯ ಒಂದು ರೂಢಿ

ಇಂದು ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಸೀಮೆಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಸವಣೂರು ನವಾಬರ ಸಂಸ್ಥಾನವಾಗಿತ್ತು. ಆ ಸಂಸ್ಥಾನ 1948ರವರೆಗೆ ಮುಂದುವರಿಯಿತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕೆಂಬ ರೂಢಿಗೆ ಮಾತ್ರ ಜಿಲ್ಲೆ-ಸಂಸ್ಥಾನಗಳ ನಡುವಿನ ಈ ಗಡಿ ಲೆಕ್ಕಕ್ಕಿರಲಿಲ್ಲ. ಹಿಂದೂ ಒಕ್ಕಲು ಮನೆಗಳಂತೆ ಮುಸ್ಲಿಂ ಮನೆಗಳೂ ಅದನ್ನು ಪಾಲಿಸುತ್ತಿದ್ದವು.

ಮಗಳು ಬಸುರಿಯೆಂದು ತಿಳಿದ ಆರಂಭದ ತಿಂಗಳುಗಳಲ್ಲಿ ತಾಯಿ ಹೆಚ್ಚು ಜನರಿಗೆ ತಿಳಿಸದೆ ಒಯ್ದು ಕೊಡುವ ಸೀರೆ-ಕುಪ್ಪಸದ ಉಡುಗೊರೆಗೆ ಕಳ್ಳ ಕುಬಸವೆಂದೂ, ಮುಂದೆ ನೆಂಟರೆಲ್ಲ ಸೇರಿ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯಕ್ಕೆ ಕುಬಸವೆಂದೂ ಹೆಸರು. ಉಡಿಯೆಂದರೆ ಸೀರೆಯ ಸೆರಗಿನ ಮಡಿಲು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆಗಳನ್ನು ಮುತ್ತೈದೆಯರು ಅದರಲ್ಲಿ ಹಾಕುತ್ತಾರೆ.

ಶಾಸ್ತ್ರ ಒಂದೇ ದಿನದ್ದು, ಬಾಣಂತನ ತಿಂಗಳುಗಟ್ಟಲೆ ನಡೆಯುವ ದುಡಿಮೆ. ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ. ಅನಂತರ ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಕೆಂಡದ ಕಾವು ಕೊಡುವುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿ ಲೋಬಾನದ ಹೊಗೆ ಹಾಕುವುದು ಅಜ್ಜಿಯ ಪಾಲಿಗೆ ಬರುತ್ತಿದ್ದವು. ಅಳವಿ ಪಾಯಸ, ಅಂಟಿನುಂಡೆ, ಸಬ್ಬಸಗಿ ಪಲ್ಯದ ಅಡುಗೆಯನ್ನು ತಾಯಿ ನೋಡಿಕೊಂಡರೆ, ತಂಗಿಯಂದಿರು ತೊಟ್ಟಿಲು ತೂಗುತ್ತ ಇವೆಲ್ಲವನ್ನೂ ಕಣ್ಣಾರೆ ಕಲಿಯುತ್ತಿದ್ದರು. ಹಳೆಯ ಸೀರೆ-ಧೋತರಗಳ ತುಂಡುಗಳನ್ನು ಪದರಪದರವಾಗಿ ಹೊಲಿದ ಕೌದಿ ಕೂಸಿನ ಹಾಸಿಗೆಯಾಗುತ್ತಿತ್ತು. ಅಜ್ಜಿ ಉಟ್ಟು ಸವೆಸಿದ ನೂಲಿನ ಮೆದುತನ ಹೊಸ ಬಟ್ಟೆಗೆ ಎಲ್ಲಿಂದ ಬರಬೇಕು?

ಹೆಣ್ಣುಮಕ್ಕಳ ಮದುವೆಯ ಕನಿಷ್ಠ ವಯಸ್ಸನ್ನು ಹದಿನಾಲ್ಕಕ್ಕೆ ನಿಗದಿಮಾಡಿದ 1929ರ ಕಾಯಿದೆಯೂ ಹಳ್ಳಿಗಳಲ್ಲಿ ನಿಧಾನವಾಗಿಯೇ ಬೇರೂರಿತು. ಎಳೆಯ ವಯಸ್ಸಿನ ಮದುವೆಗಳಿಂದಾಗಿ ತಾಯಿ-ಮಗಳು ಒಂದೇ ವರ್ಷ ಬಾಣಂತಿಯರಾಗುವುದು ಅಪರೂಪವಾಗಿರಲಿಲ್ಲ. ಆಗ ಇಬ್ಬರ ಬಾಣಂತನದ ಭಾರವೂ ಅಜ್ಜಿಯ ಹೆಗಲಿಗೇ ಬೀಳುತ್ತಿತ್ತು. ಆ ಅಜ್ಜಿ ಅನೇಕ ಮನೆಗಳಲ್ಲಿ ವಿಧವೆಯಾಗಿರುತ್ತಿದ್ದಳೆಂಬುದನ್ನು ಈ ರೂಢಿಯನ್ನು ಹೊಗಳುವವರು ಮರೆಯಬಾರದು. ಕುಬಸದ ದಿನ ಉಡಿ ತುಂಬಲು, ಆರತಿ ಬೆಳಗಲು ಆಕೆಯನ್ನು ಕರೆಯುತ್ತಿರಲಿಲ್ಲ. ಆದರೆ ನಡುರಾತ್ರಿ ಬಾಣಂತಿಗೆ ಜ್ವರವೇರಿದಾಗ ಮನೆಯವರು ಮೊದಲು ಎಬ್ಬಿಸುತ್ತಿದ್ದುದು ಆಕೆಯನ್ನೇ. ಈ ಸೀಮೆಯ ಹೆಂಗಸರ ಪರಸ್ಪರ ಆಸರೆಯ ಇತಿಹಾಸವನ್ನು ಮುತ್ತೈದೆಯರ ಆರತಿತಟ್ಟೆಗಿಂತ ಬಚ್ಚಲೊಲೆಯ ಮುಂದೆ ಕುಳಿತ ಈ ಮುದುಕಿಯಿಂದ ಆರಂಭಿಸುವುದು ಹೆಚ್ಚು ನ್ಯಾಯ. ಹಲವು ಒಕ್ಕಲು ಸಮುದಾಯಗಳಲ್ಲಿ ಉಡಿಕೆಗೆ, ಅಂದರೆ ವಿಧವೆ ಅಥವಾ ಗಂಡನನ್ನು ಬಿಟ್ಟವಳು ಸೀರೆಯುಟ್ಟು ಮತ್ತೊಬ್ಬನನ್ನು ಕೂಡಿಕೊಳ್ಳುವ ಸರಳ ಮದುವೆಗೆ, ಅವಕಾಶವಿದ್ದರೂ ಮುತ್ತೈದೆಯ ಪೂರ್ಣ ಮಾನ ಅದರಿಂದ ಮರಳುತ್ತಿರಲಿಲ್ಲ.

ಸಾಂಪ್ರದಾಯಿಕ ಪಥ್ಯವೆಲ್ಲವೂ ಹಿತಕರವಾಗಿರಲಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ, ಗಾಳಿಯಾಡದ ಕತ್ತಲ ಕೋಣೆಯಲ್ಲಿ ಇರಿಸುವ ಪದ್ಧತಿಗಳು ತೊಂದರೆಯನ್ನೂ ಉಂಟುಮಾಡುತ್ತಿದ್ದವು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಆರಂಭವಾದ ಮೇಲೆ ಹೆರಿಗೆಗಳು ಆಸ್ಪತ್ರೆಗೆ ಸರಿಯುವುದು ಚುರುಕಾಯಿತು, ಸೂಲಗಿತ್ತಿಯ ಕಸುಬು ಹಿಂದೆ ಸರಿದು ಬಸುರಿಯನ್ನು ಕರೆದೊಯ್ಯುವ ಕೆಲಸ ಆಶಾ ಕಾರ್ಯಕರ್ತೆಯ ಪಾಲಾಯಿತು. ಆಸ್ಪತ್ರೆಯ ನಂಟು ಕೆಲವು ದಿನಗಳದ್ದು. ಎಣ್ಣೆ, ಬಿಸಿನೀರು, ಅಂಟಿನುಂಡೆಗಳ ಕೆಲಸ ಇಂದಿಗೂ ತವರಿನದೇ, ಆದರೆ ಕೂಲಿಗೆ ಹೋಗುವ ತಾಯಿ ಅದಕ್ಕಾಗಿ ತನ್ನ ದಿನಗೂಲಿಯನ್ನು ಬಿಡಬೇಕಾಗಿದೆ.