ಎದೆಗೊಂದು ಗುಳಿಗೆ, ನಡುಕಕ್ಕೊಂದು ಗುಳಿಗೆ

ಬಿ.ಪಿ. ಅಥವಾ ಹಾರ್ಟಿನ ಗುಳಿಗೆ ನುಂಗುತ್ತಿರುವ ಹಿರಿಯರಿಗೆ ಪಾರ್ಕಿನ್ಸನ್ ಕಾಯಿಲೆಯೂ ಬಂದರೆ ಮನೆಯವರಿಗೆ ಕಾಡುವ ಪ್ರಶ್ನೆ ಒಂದೇ: ಎರಡನ್ನೂ ಜೊತೆಗೆ ಕೊಡಬಹುದೇ? ಹೊಸಪೇಟೆ–ಬಳ್ಳಾರಿ ನಡುವಿನ ಪಾಪಿನಾಯಕನಹಳ್ಳಿಯಂಥ ಊರಿನವರು ಹೃದಯಕ್ಕೆ ಒಬ್ಬ ವೈದ್ಯರನ್ನೂ ನರಕ್ಕೆ ಇನ್ನೊಬ್ಬರನ್ನೂ ಬೇರೆ ಬೇರೆ ಊರಲ್ಲಿ ಹುಡುಕಬೇಕಾದಾಗ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದು ಕಷ್ಟ. ಬಹುಪಾಲು ಗುಳಿಗೆಗಳನ್ನು ಕೊಡಬಹುದು, ಆದರೆ ಲೆಕ್ಕವಿಟ್ಟು. ಆ ಲೆಕ್ಕವನ್ನು ವೈದ್ಯಲೋಕ ಕಲಿತದ್ದು ಹಂತಹಂತವಾಗಿ.

ಕಲಿಕೆ ಶುರುವಾದದ್ದು ನಮ್ಮ ಸರ್ಪಗಂಧಿಯಿಂದ. ಅದರ ಬೇರು ರಕ್ತದೊತ್ತಡ ಇಳಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಒತ್ತಡವೇನೋ ಇಳಿಯಿತು, ಆದರೆ ಕೆಲವರಿಗೆ ಮೈ ಬಿಗಿದು ಕೈ ನಡುಗತೊಡಗಿತು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟ ಮೇಲೆ ಮಂಕಾಗಿ ಕೂತ ಪ್ರಾಣಿಗಳಿಗೆ, ದೇಹದಲ್ಲಿ ಡೋಪಮೈನ್ ಎಂಬ ರಾಸಾಯನಿಕವಾಗಿ ಬದಲಾಗುವ ಡೋಪಾ ಕೊಟ್ಟಾಗ ಅವು ಮತ್ತೆ ಚುರುಕಾದವು. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಬತ್ತಿರುವುದನ್ನು 1960ರಲ್ಲಿ ವಿಯೆನ್ನಾದ ಸಂಶೋಧಕರು ತೋರಿಸಿದರು. ಬಿ.ಪಿ. ಔಷಧದ ಅಡ್ಡಪರಿಣಾಮವೇ ನಡುಕದ ಔಷಧಕ್ಕೆ ದಾರಿ ತೋರಿತು.

ಆ ಔಷಧವಾದ ಲೆವೊಡೋಪಾ ನಮ್ಮ ಬೇಲಿಗಳ ನಸುಗುನ್ನಿ ಬೀಜದಲ್ಲಿದೆ ಎಂಬುದನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಕಂಡುಕೊಂಡಿದ್ದರು. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಅದರ ಗುಣ ತೋರಿಸಿದರು. ಆದರೆ ಬಹುಪಾಲು ಔಷಧ ಮಿದುಳು ಮುಟ್ಟುವ ಮೊದಲೇ ಡೋಪಮೈನ್ ಆಗಿಬಿಡುತ್ತಿತ್ತು; ವಾಕರಿಕೆ, ಎದೆಬಡಿತದ ಏರುಪೇರು, ಒತ್ತಡದ ಕುಸಿತ ಕಾಡುತ್ತಿದ್ದವು. 1970ರ ದಶಕದಲ್ಲಿ, ಆ ಬದಲಾವಣೆಯನ್ನು ತಡೆಯುವ ಕಾರ್ಬಿಡೋಪಾ ಬೆರೆಸಿದ ಗುಳಿಗೆ ಬಂದ ಮೇಲೆ ಈ ಕಾಟ ಬಹಳ ತಗ್ಗಿತು.

ಮುಂದಿನ ಪಾಠ ಕಹಿ. ಪಾರ್ಕಿನ್ಸನ್‌ಗೆ ಕೊಡುತ್ತಿದ್ದ ಪರ್ಗೊಲೈಡ್ ಮತ್ತು ಕ್ಯಾಬರ್ಗೊಲಿನ್ ಹೃದಯದ ಕವಾಟಗಳನ್ನು ಕೆಡಿಸುತ್ತವೆಂದು 2007ರಲ್ಲಿ ಖಚಿತವಾಗಿ, ಪರ್ಗೊಲೈಡ್ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ವಾಕರಿಕೆಗೆ ಕೊಡುವ ಡೊಂಪೆರಿಡೋನ್ ಹೃದಯದ ಲಯ ಕೆಡಿಸಬಹುದೆಂದು 2014ರಲ್ಲಿ ಯುರೋಪು ಅದರ ಬಳಕೆಗೆ ಮಿತಿ ಹಾಕಿತು. ತೊಂದರೆ ಎದುರು ದಿಕ್ಕಿನಿಂದಲೂ ಬರುತ್ತದೆ: ಎದೆಬಡಿತ ಸರಿಪಡಿಸುವ ಅಮಿಯೋಡರೋನ್ ಕೈ ನಡುಗಿಸಬಹುದು, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಪಾರ್ಕಿನ್ಸನ್ ಲಕ್ಷಣಗಳನ್ನೇ ತರಬಹುದು.

ಇಂದು ಮನೆಮನೆಯಲ್ಲಿ ಎದುರಾಗುವ ತೊಡಕೆಂದರೆ, ಎದ್ದು ನಿಂತಾಗ ಬಿ.ಪಿ. ಬೀಳುವುದು. ಕಾಯಿಲೆಯೇ ಒತ್ತಡ ಕಾಯುವ ನರಗಳನ್ನು ಸೊರಗಿಸುತ್ತದೆ. ಲೆವೊಡೋಪಾ ಒತ್ತಡವನ್ನು ಇನ್ನಷ್ಟು ಇಳಿಸುತ್ತದೆ. ಅದರ ಮೇಲೆ ಬಿ.ಪಿ. ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಪ್ರಾಸ್ಟೇಟಿನ ಗುಳಿಗೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಎಚ್ಚರಿಕೆ. ಬಳ್ಳಾರಿ ಸೀಮೆಯ ಬಿರುಬಿಸಿಲಲ್ಲಿ ನೀರು ಕಡಿಮೆ ಕುಡಿದರಂತೂ ಬಿದ್ದು ಸೊಂಟ ಮುರಿಯುವ ಭಯ. ಇದೇ ರೋಗಿಗಳಲ್ಲಿ ಹಲವರಿಗೆ ರಾತ್ರಿ ಮಲಗಿದಾಗ ಒತ್ತಡ ಏರುತ್ತದೆ. ಕೂತಾಗ ನೋಡಿದ ಒಂದೇ ಅಂಕಿ ನಂಬಿ ಗುಳಿಗೆ ಹೆಚ್ಚಿಸುವುದು ಅದಕ್ಕೇ ಅಪಾಯ.

ಗಣಿ ನಾಡಿಗೆ ಇನ್ನೆರಡು ಮಾತು. ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅದಿರಿದೆ. ಆ ದೂಳು ವರ್ಷಗಟ್ಟಲೆ ಹೆಚ್ಚಾಗಿ ಒಳಸೇರಿದರೆ ಪಾರ್ಕಿನ್ಸನ್ ಹೋಲುವ ಕಾಯಿಲೆ ಬರುತ್ತದೆಂದು 1837ರಲ್ಲೇ ಗ್ಲಾಸ್ಗೊದ ಕೂಪರ್ ಎಂಬ ವೈದ್ಯರು ಬರೆದಿದ್ದರು. ಅದಕ್ಕೆ ಲೆವೊಡೋಪಾ ಸಾಮಾನ್ಯವಾಗಿ ಅಷ್ಟಾಗಿ ನಾಟುವುದಿಲ್ಲ. ಆದ್ದರಿಂದ ಮಾಡಿದ ಕೆಲಸವನ್ನೂ ವೈದ್ಯರಿಗೆ ಹೇಳಬೇಕು. ರಕ್ತಹೀನತೆಗೆ ನುಂಗುವ ಕಬ್ಬಿಣದ ಮಾತ್ರೆ ಲೆವೊಡೋಪಾವನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಎರಡರ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

ಹೃದಯದ ವೈದ್ಯರ ಚೀಟಿಯನ್ನು ನರದ ವೈದ್ಯರಿಗೂ ಅವರದನ್ನು ಇವರಿಗೂ ತೋರಿಸಿ; ನಾಟಿ ಔಷಧಿಯನ್ನೂ ಮುಚ್ಚಿಡಬೇಡಿ. ಬಿ.ಪಿ.ಯನ್ನು ಮಲಗಿಸಿ, ನಿಲ್ಲಿಸಿ ಎರಡು ಸಲ ನೋಡಲು ಕೇಳಿ. ತಲೆಸುತ್ತು ಬಂತೆಂದು ಯಾವ ಗುಳಿಗೆಯನ್ನೂ ಒಮ್ಮೆಲೇ ನಿಲ್ಲಿಸಬೇಡಿ: ಲೆವೊಡೋಪಾ ಆಗಲಿ, ಹೃದಯದ ಬೀಟಾ ಬ್ಲಾಕರ್ ಆಗಲಿ, ದಿಢೀರನೆ ಬಿಟ್ಟರೆ ಜೀವಕ್ಕೇ ಕುತ್ತು ತರಬಹುದು.